ಹೊಲಿಯದ ಅಂಗಿಯ ಸುಂಕ

ಶಿಷ್ಯ ಕೇಳಿದ: "ಗುರುಗಳೇ, ಎರಡರಲ್ಲಿ ಯಾವುದು ಸರಿ ಎಂದು ತಿಳಿಯದಿದ್ದಾಗ, ಸಂಶಯ ಪೂರ್ತಿ ತೀರುವವರೆಗೆ ಕಾಯುವುದೇ ಧರ್ಮವಲ್ಲವೇ? ತಪ್ಪು ಮಾಡುವುದಕ್ಕಿಂತ ಸುಮ್ಮನಿರುವುದು ಲೇಸಲ್ಲವೇ?"

ಗುರುಗಳು ಹೇಳತೊಡಗಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಸುಂಕದ ಅಧಿಕಾರಿಯಿದ್ದ. ಲಂಚ ಮುಟ್ಟದವನು, ಯಾರ ಮುಲಾಜಿಗೂ ಒಳಗಾಗದವನು. ಅವನಿಗಿಂತ ಮೊದಲು ಆ ಸುಂಕದ ಕಟ್ಟೆಯಲ್ಲಿ ಕೂತಿದ್ದವನು ಯಾವುದೋ ಸರಕನ್ನು ಇನ್ನೊಂದೆಂದು ಎಣಿಸಿ ಕೆಲಸ ಕಳೆದುಕೊಂಡಿದ್ದ. ಆ ಭಯ ಇವನನ್ನು ಬಿಟ್ಟಿರಲಿಲ್ಲ.

ಒಮ್ಮೆ ಒಬ್ಬ ವ್ಯಾಪಾರಿ ಹಡಗಿನಿಂದ ಮೂಟೆಗಳನ್ನು ಇಳಿಸಿದ. ಬಿಚ್ಚಿ ನೋಡಿದರೆ ಉಣ್ಣೆಯ ತೋಳುಗಳು, ಕೊರಳಪಟ್ಟಿಗಳು, ಅಂಗಿಯ ಬೆನ್ನು, ಅಂಗಿಯ ಮುಂಭಾಗ. ಎಲ್ಲವನ್ನೂ ಕತ್ತರಿಸಿ ಆಗಿತ್ತು, ಯಾವುದನ್ನೂ ಹೊಲಿದಿರಲಿಲ್ಲ. ಊರಿನ ಹೊಲಿಗೆಯ ಹೆಂಗಸರು ಅವನ್ನು ಜೋಡಿಸಿ ಹೊಲಿದುಕೊಡಬೇಕು, ಚಳಿಗೆ ಮುಂಚೆ ಅಂಗಿಗಳು ಪೇಟೆ ಸೇರಬೇಕು ಎಂದು ಮಾತಾಗಿತ್ತು.

ರಾಜ್ಯದ ಕಟ್ಟಳೆಯಲ್ಲಿ ಅರಿವೆಗೆ ಒಂದು ಸುಂಕ, ಸಿದ್ಧ ಉಡುಪಿಗೆ ಅದಕ್ಕಿಂತ ಹೆಚ್ಚಿನ ಸುಂಕ. ಬರೀ ತೋಳು ಬಂದರೆ ಏನು ಮಾಡಬೇಕೆಂದು ಎಲ್ಲಿಯೂ ಹೇಳಿರಲಿಲ್ಲ.

ಅಧಿಕಾರಿ ಒಂದು ತೋಳನ್ನು ಕೈಗೆತ್ತಿಕೊಂಡ. ಅರಿವೆ ಎನ್ನೋಣವೆಂದರೆ ಅದಕ್ಕೆ ಆಗಲೇ ಅಂಗಿಯ ಆಕಾರ ಬಂದಿತ್ತು. ಉಡುಪು ಎನ್ನೋಣವೆಂದರೆ ಯಾರೂ ಅದನ್ನು ತೊಡುವಂತಿರಲಿಲ್ಲ. ಅರಿವೆಯೆಂದು ಬಿಟ್ಟರೆ ಬೊಕ್ಕಸಕ್ಕೆ ಮೋಸ ಮಾಡಿದನೆಂಬ ಮಾತು ಬರುತ್ತದೆ. ಉಡುಪೆಂದು ಹಿಡಿದರೆ ವ್ಯಾಪಾರಿ ಅರಮನೆಗೆ ದೂರು ಒಯ್ದಾನು. ವಿಚಾರ ಮಾಡಿ ಹೇಳುತ್ತೇನೆಂದು ಮೂಟೆಗಳನ್ನು ಉಗ್ರಾಣಕ್ಕೆ ಹಾಕಿಸಿದ.

ರಾಜಧಾನಿಗೆ ಹೇಳಿಕಳಿಸಿದ. ಸರಕು ಯಾರ ಕಣ್ಣೆದುರಿಗಿದೆಯೋ ಅವನೇ ತೀರ್ಮಾನಿಸಲಿ ಎಂದು ಉತ್ತರ ಬಂತು. ಅವನ ದಿಗಿಲು ಇಮ್ಮಡಿಯಾಯಿತು. ಉಣ್ಣಲು ಕೂತರೆ ತನ್ನ ಅಂಗಿಯ ತೋಳನ್ನೇ ನೋಡುತ್ತಾ ಅನ್ನ ಆರಲು ಬಿಡುತ್ತಿದ್ದ. ಬೆಳಗ್ಗೆ ಸಂಜೆಗಾಗಲಿ ಎನ್ನುತ್ತಿದ್ದ, ಸಂಜೆ ನಾಳೆಗಾಗಲಿ ಎನ್ನುತ್ತಿದ್ದ.

ಹೊಲಿಗೆಯ ಹೆಂಗಸರು ಸೂಜಿ ನೂಲು ಹಿಡಿದು ಕಟ್ಟೆಯ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಅವರಲ್ಲೊಬ್ಬ ಮುದುಕಿ ಕೇಳಿದಳು: "ಸ್ವಾಮಿ, ಹೆಚ್ಚೋ ಕಡಿಮೆಯೋ ಒಂದು ಹೇಳಿಬಿಡಿ. ನಮ್ಮ ಮನೆಗಳಲ್ಲಿ ಒಲೆ ಉರಿಯಬೇಕು."

"ತಪ್ಪಾದರೆ ಯಾರು ಹೊಣೆ ತಾಯಿ? ಇನ್ನು ಸ್ವಲ್ಪ ತಾಳಿ," ಎಂದ ಅಧಿಕಾರಿ.

ತಾಳಿದರು. ಮಳೆ ಹಿಡಿಯಿತು. ಕೆಲವರು ಮಕ್ಕಳನ್ನು ಕಟ್ಟಿಕೊಂಡು ಕೂಲಿ ಹುಡುಕಿ ಬೇರೆ ಊರಿಗೆ ಹೋದರು. ಆಮೇಲೆ ಉಳಿದವರೂ ಹೋದರು.

ಕೊನೆಗೆ ಅಧಿಕಾರಿಯ ಸಂಶಯ ತೀರಿತು. ಇವನ್ನು ಅಂಗಿಗೆಂದೇ ಕತ್ತರಿಸಿದ್ದಾರೆ, ಬೇರೆ ಯಾವುದಕ್ಕೂ ಇವು ಒದಗುವುದಿಲ್ಲ, ಆದ್ದರಿಂದ ಇವು ಉಡುಪೇ. ತಿಳಿದವರನ್ನು ಕೇಳಿದ, ಅವರೂ ತಲೆಯಾಡಿಸಿದರು. ಎಷ್ಟೋ ಕಾಲದ ಮೇಲೆ ಹಗುರಾಗಿ ಉಸಿರಾಡಿದ. ವ್ಯಾಪಾರಿಯನ್ನು ಕರೆಸಿ ಉಗ್ರಾಣದ ಬಾಗಿಲು ತೆಗೆಸಿದ.

ಬೂಷ್ಟಿನ ನಾತ ಮುಖಕ್ಕೆ ಹೊಡೆಯಿತು. ಮೂಟೆ ಬಿಚ್ಚಿದರೆ ನುಸಿ ಎದ್ದಿತು. ವ್ಯಾಪಾರಿ ಎತ್ತಿಕೊಂಡ ತೋಳು ಕೈಯಲ್ಲೇ ಪುಡಿಪುಡಿಯಾಯಿತು.

ವ್ಯಾಪಾರಿ ಜಗಳವಾಡಲಿಲ್ಲ. "ಮೊದಲ ದಿನವೇ ಹೆಚ್ಚಿನ ಸುಂಕ ಹೇಳಿದ್ದರೂ ಕೊಟ್ಟು ಒಯ್ಯುತ್ತಿದ್ದೆ," ಎಂದಷ್ಟೇ ಹೇಳಿ ಹಡಗು ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಅರಮನೆಯವರು ಆ ಅಧಿಕಾರಿಯನ್ನು ದಂಡಿಸಿದರೇ?" ಎಂದು ಕೇಳಿದ.

"ಏಕೆ ದಂಡಿಸುತ್ತಾರೆ? ಅವನು ಒಂದು ತಪ್ಪನ್ನೂ ಮಾಡಿರಲಿಲ್ಲವಲ್ಲ."