ಮೂರನೆಯ ವರ್ಣತಂತು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಎಂಬತ್ತು ದಾಟಿದ ಗುರು ಸಿದ್ಧಲಿಂಗಜ್ಜ, ಒಂಬತ್ತು ವರ್ಷದಿಂದ ಅವರ ಬಳಿ ಓದುತ್ತಿದ್ದ ಶಿಷ್ಯ ಈರಭದ್ರ.

ಈರಭದ್ರನಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ಗುಳಿಗೆ ನಾಲ್ಕು ವರ್ಷ ಅದನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ಆ ದಿನ ಆಸ್ಪತ್ರೆಯಿಂದ ಬಂದವನೇ ಗುಳಿಗೆಯ ಡಬ್ಬಿಯನ್ನು ಗುರುಗಳ ಮುಂದಿಟ್ಟ.

“ಅಜ್ಜಾರೇ, ಇನ್ನು ಇದು ಬೇಡ.”

“ಡಾಕ್ಟರು ಬೇಡವೆಂದರೇ?”

“ಇಲ್ಲ, ನಾನೇ. ಮೊದಲು ರಕ್ತಕಣಗಳಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿದ್ದವು. ಕಾಯಿಲೆ ಬಂದದ್ದೇ ಅದರಿಂದ. ಈಗ ಎಂಟನೆಯ ವರ್ಣತಂತು ಎರಡಿರಬೇಕಾದಲ್ಲಿ ಮೂರಿವೆಯಂತೆ. ಹೀಗಾದರೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲವಂತೆ. ಬಂದದ್ದನ್ನು ಒಪ್ಪಿಕೊಂಡಿದ್ದೇನೆ. ನೀವು ಕಲಿಸಿದ ವೈರಾಗ್ಯ ಇದೇ ಅಲ್ಲವೇ?”

ಗುರುಗಳು ಡಬ್ಬಿಯನ್ನು ಅವನತ್ತಲೇ ಸರಿಸಿದರು.

“ಇದು ವೈರಾಗ್ಯವಲ್ಲ, ಅಂಜಿಕೆ. ಡಾಕ್ಟರು ಇನ್ನೇನು ಹೇಳಿದರು?”

ಈರಭದ್ರ ನೆಲ ನೋಡಿದ. “ಬೇರೆ ಗುಳಿಗೆ ಕೊಡುತ್ತಾರಂತೆ. ಅಸ್ಥಿಮಜ್ಜೆ ಬದಲಿಸುವ ದಾರಿಯೂ ಇದೆಯಂತೆ. ಒಡಹುಟ್ಟಿದವರದು ಹೊಂದಿದರೆ ಒಳ್ಳೆಯದು ಅಂದರು.”

“ಅಣ್ಣ ಇದ್ದಾನಲ್ಲ?”

“ಅಪ್ಪ ಸತ್ತಾಗ, ಸಂಸಾರ ಬಿಟ್ಟವನು ಅಂತ ನಾನು ಮಣ್ಣಿಗೂ ಹೋಗಲಿಲ್ಲ. ಅಣ್ಣ ಅಂದಿನಿಂದ ಮಾತು ಬಿಟ್ಟ. ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?”

ಗುರುಗಳು ಡಬ್ಬಿ ತೆರೆದು, ಒಂದು ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟು, ನೀರಿನ ತಂಬಿಗೆ ಮುಂದೆ ಮಾಡಿದರು.

“ಹೊಸದು ಕೈಗೆ ಬರುವ ತನಕ ಇದನ್ನು ಬಿಡಬೇಡ.”

ಅವನು ನುಂಗಿದ. ಗುರುಗಳು ಶಲ್ಯ ಹೊದ್ದು, ಕೋಲು ಹಿಡಿದು ಎದ್ದರು. ಮಂಡಿನೋವಿನಿಂದ ಆರು ವರ್ಷ ಮಠದ ಹೊಸ್ತಿಲು ದಾಟದ ಮನುಷ್ಯ.

“ಎಲ್ಲಿಗೆ, ಅಜ್ಜಾರೇ?”

“ಗುಳೇದಗುಡ್ಡಕ್ಕೆ. ನಿಮ್ಮಣ್ಣನ ಮನೆಗೆ.”

ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಗುರುಗಳು ನಾಲ್ಕು ಸಲ ಕೂತು ಎದ್ದರು. ಈರಭದ್ರ ವಾಪಸು ಹೋಗೋಣ ಎಂದ. ಅವರು ಕೇಳಿಸಿಕೊಳ್ಳಲಿಲ್ಲ.

“ಅಣ್ಣ ಬಾಗಿಲು ಹಾಕಿಕೊಂಡರೆ?”

“ಜಗಲಿಯ ಮೇಲೆ ಕೂರೋಣ. ಮೊದಲು ಅಪ್ಪನ ಮಣ್ಣಿಗೆ ಬರದಿದ್ದಕ್ಕೆ ಕ್ಷಮೆ ಕೇಳು. ಮಜ್ಜೆಯ ಮಾತು ಆಮೇಲೆ.”

ಬಿಸಿಲಲ್ಲಿ ನಿಂತ ಈರಭದ್ರನಿಗೆ ಬೆಳಗಿನಿಂದ ಮರಗಟ್ಟಿದ್ದ ಎದೆಯಲ್ಲಿ ಏನೋ ಕೆರಳಿತು. ತನ್ನ ಮೇಲೆ, ಕಿಸೆಯಲ್ಲಿದ್ದ ಆ ರಿಪೋರ್ಟಿನ ಮೇಲೆ ಸಿಟ್ಟು.

“ನಾನು ಬದುಕಬೇಕು, ಅಜ್ಜಾರೇ,” ಎಂದ, ಕೂಗಿದ ಹಾಗೆ. ಮರುಗಳಿಗೆಯೇ ದನಿ ಇಳಿಯಿತು. “ಆದರೆ ನನ್ನಂಥ ನೂರು ಜನರಲ್ಲಿ ಗುಣ ಕಂಡವರು ಕಡಿಮೆಯಂತೆ.”

“ಆ ನೂರು ಜನರನ್ನು ಎಣಿಸಿದಾಗ ನೀನು ಅವರಲ್ಲಿ ಇರಲಿಲ್ಲ. ಬಸ್ಸು ಬಂತು, ಕೈ ಮಾಡು.”