ಮದಲೇನಮ್ಮನ ಮಣೆ

ಬಹಳ ಹಿಂದೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಒಂದು ಊರಿತ್ತಂತೆ. ಯಾವ ಊರು ಅಂತ ಕೇಳಬೇಡಿ, ನೀವು ಕೂತಿರುವ ಊರೇ. ಆಗ ಇಲ್ಲಿ ಮೂವತ್ತು ಮನೆ ಕ್ರೈಸ್ತರು, ಹುಲ್ಲು ಹೊದಿಸಿದ ಒಂದು ಚರ್ಚು. ಪಾದ್ರಿ ಸ್ವಾಮಿಗಳು ಕುದುರೆ ಏರಿ ಮೂರು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರಂತೆ. ಮಿಕ್ಕ ದಿನ ನಮ್ಮವರಿಗೆ ದೇವರೂ ದೂರ, ವೈದ್ಯರೂ ದೂರ. ಹತ್ತಿರ ಇದ್ದವಳು ಮದಲೇನಮ್ಮ ಒಬ್ಬಳೇ.

ಮದಲೇನಮ್ಮ ಮುರಿದ ಮೂಳೆ ಕಟ್ಟುವವಳು. ಮರದಿಂದ ಬಿದ್ದವರು, ಎತ್ತಿನಿಂದ ಒದೆಸಿಕೊಂಡವರು, ಬಾವಿ ಮೆಟ್ಟಿಲಲ್ಲಿ ಜಾರಿದವರು, ಎಲ್ಲರೂ ಅವಳ ಜಗಲಿಗೆ ಬರುತ್ತಿದ್ದರು. ಹಲಸಿನ ಮಣೆಯ ಮೇಲೆ ಕೂತು, ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಜಪ ಹೇಳುತ್ತಾ ಹೇಳುತ್ತಾ ಸರಕ್ಕನೆ ಎಳೆದು ಕೂರಿಸುತ್ತಿದ್ದಳಂತೆ. ಆಮೇಲೆ ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಮೆತ್ತಿ, ಬಿದಿರ ದಬ್ಬೆ ಇಟ್ಟು ಬಿಗಿಯುವುದು. ಎಳೆದು ಎಳೆದು ಅವಳ ಎರಡು ಹೆಬ್ಬೆರಳೂ ಹಿಂದಕ್ಕೆ ಬಾಗಿಹೋಗಿದ್ದವು. ನೋವು ಅಂತ ಕೂಗಿದರೆ ಬೈಯುತ್ತಿದ್ದಳು. ವಾಸಿಯಾಯಿತು ಅಂತ ಕಾಲಿಗೆ ಬಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದಳು.

ಒಂದು ವರ್ಷ ಅವಳಿಗೇ ಜ್ವರ ಬಂತಂತೆ. ಮನೆಯಲ್ಲೊಬ್ಬರ ಕಾಲಿಗೆ ಪೆಟ್ಟಾಗಿದೆ ಅಂತ ಮೇಲಿನ ಬೀದಿಯಿಂದ ಯಾರೋ ಅಳುತ್ತಾ ಬಂದರು. ಇವಳಿಗೆ ಏಳಲು ಆಗಲಿಲ್ಲ, ಅವರ ಅಳು ನೋಡಲೂ ಆಗಲಿಲ್ಲ. ನನ್ನ ಮಣೆ ಒಯ್ಯಿರಿ, ಅದರ ಮೇಲೆ ಕೂರಿಸಿ ಜಪ ಹೇಳಿ, ಧೈರ್ಯ ಬರುತ್ತೆ, ನಾಳೆ ನಾನು ಬರುತ್ತೇನೆ ಅಂದಳಂತೆ. ಅಷ್ಟೇ ಅಂದದ್ದು. ಮಾರನೆಯ ದಿನ ಹೋಗುವಷ್ಟರಲ್ಲಿ ಕಾಲಿನ ಉಳುಕು ಇಳಿದಿತ್ತು. ಉಳುಕು ತಾನಾಗಿಯೇ ಇಳಿಯುತ್ತೆ, ಇದು ಯಾರಿಗೆ ಗೊತ್ತಿಲ್ಲ? ಆದರೆ ಊರವರು ಕೇಳಬೇಕಲ್ಲ!

ಅವತ್ತಿನಿಂದ ಮಣೆ ಮನೆಮನೆ ತಿರುಗಿತು. ಅವಳೂ ಬೇಡ ಅನ್ನಲಿಲ್ಲ. ವಯಸ್ಸಾಗಿತ್ತು, ಮಂಡಿ ನೋಯುತ್ತಿತ್ತು, ಕೂತಲ್ಲೇ ಹೆಸರು ಬರುವುದು ಯಾರಿಗೆ ಕಹಿ? ಇದನ್ನು ಮುಚ್ಚಿಡಬಾರದು, ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಮಣೆಯ ಮುಂದೆ ಮೇಣದಬತ್ತಿ ಹಚ್ಚಿದರು. ಆಮೇಲೆ ಅದಕ್ಕೆ ಎಣ್ಣೆ ಸವರಿದರು. ಆಮೇಲೆ ಒಂದು ಮನೆಯವರು ಕೋಳಿ ಕುಯ್ದರು. ಯಾರು ಹೇಳಿದ್ದು ಅಂತ ಮದಲೇನಮ್ಮ ಕೇಳಿದರೆ, ನೀನೇ ಕೇಳಿದ್ದು ಅಂದರಂತೆ.

"ನೆನ್ನೆ ಬಂದು ಕುಂತಿದ್ಯಲ್ಲವ್ವ, ಮಜ್ಜಿಗೆ ಕುಡುದ್ಯಲ್ಲವ್ವ!"

ನಿನ್ನೆ ಅವಳು ಜಗಲಿ ಇಳಿದೇ ಇರಲಿಲ್ಲ. ಮೊದಲ ಮನೆಯವರು ಹಾಗಂದಾಗ ನಕ್ಕಳು. ಎರಡನೆಯ ಮನೆಯವರೂ ಅದನ್ನೇ ಅಂದರು. ಮೂರನೆಯ ಮನೆಯವರೂ ಅದನ್ನೇ ಅಂದಾಗ ಅವಳು ಜಗಲಿ ಇಳಿದಳಂತೆ. ಮಣೆ ವಾಪಸು ಕೊಡಿ ಅಂತ ಮನೆಮನೆ ಅಲೆದಳು. ಎಲ್ಲಿ ಹೋದರೂ, ಈಗತಾನೆ ಪಕ್ಕದ ಮನೆಗೆ ಹೋಯಿತು ಅನ್ನುತ್ತಿದ್ದರಂತೆ.

ಹೀಗಿರುವಾಗ ಕೊನೆಯ ಬೀದಿಯ ಅಗ್ನೇಸಮ್ಮನ ಮಗಳು, ಏಳು ವರ್ಷದ ಮಾರ್ತಿ, ಹುಣಸೆಮರದಿಂದ ಬಿದ್ದು ತೊಡೆ ಮುರಿದುಕೊಂಡಳು. ಮದಲೇನಮ್ಮನಿಗೆ ಸುದ್ದಿ ಸಿಕ್ಕಿದ್ದು ಎಂಟನೆಯ ದಿನ. ಎಂಟು ದಿನ! ಎದೆ ಬಡಿದುಕೊಂಡು, ದಬ್ಬೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದಳು. ಸುಡುವ ಮಧ್ಯಾಹ್ನ. ಆ ಬೀದಿಯಲ್ಲಿ ಒಂದು ನಾಯಿ ಬೊಗಳಲಿಲ್ಲ, ಒಂದು ಕಾಗೆ ಕೂಗಲಿಲ್ಲ ಅನ್ನುತ್ತಾರೆ. ಬಾಗಿಲಿಗೆ ಅಡ್ಡವಾಗಿ ಅಗ್ನೇಸಮ್ಮ ಕೂತಿದ್ದಳು. ಕಣ್ಣು ಬಿಟ್ಟೇ ಇತ್ತು, ಆದರೆ ಇವಳ ಗುರುತು ಹತ್ತಲಿಲ್ಲ.

"ನಾನು ಕಣೇ, ಮದಲೇನ. ದಾರಿ ಬುಡು."

"ಅವ್ವ ಒಳಗವ್ಳೆ. ಗಲಾಟೆ ಮಾಡಬ್ಯಾಡ, ಹೋಗು."

ಮದಲೇನಮ್ಮ ಅವಳ ಹೆಗಲ ಮೇಲಿಂದ ಒಳಗೆ ನೋಡಿದಳು. ಮಣೆಯ ಮೇಲೆ ಮದಲೇನಮ್ಮ ಕೂತಿದ್ದಳಂತೆ. ಅದೇ ನರೆಗೂದಲು, ಅದೇ ಸೀರೆ, ಕೊರಳಲ್ಲಿ ಅದೇ ಶಿಲುಬೆ. ಹೆಬ್ಬೆರಳು ಮಾತ್ರ ನೆಟ್ಟಗಿತ್ತು. ಒಂದು ಮೂಳೆಯನ್ನೂ ಮುಟ್ಟದ ಕೈ ಅದು. ಅದರ ಮುಂದೆ ಮಗು ಮಲಗಿತ್ತು, ಕಾಲು ಊದಿ ಕಪ್ಪಾಗಿತ್ತು, ಯಾರೂ ದಬ್ಬೆ ಕಟ್ಟಿರಲಿಲ್ಲ. ಕೂತದ್ದು ಅವಳದೇ ದನಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತಂತೆ. ನಾನಿದ್ದೇನೆ, ನನ್ನನ್ನು ಬಿಟ್ಟು ಬೇರೆ ಯಾರನ್ನೂ ಕರೆಯಬೇಡ. ನಾನಿದ್ದೇನೆ, ನನ್ನನ್ನು ಬಿಟ್ಟು ಬೇರೆ ಯಾರನ್ನೂ ಕರೆಯಬೇಡ.

ಆ ಮಾತು ದೇವರೊಬ್ಬನಿಗೇ ಸೇರಿದ್ದು ಅಂತ ಮದಲೇನಮ್ಮ ಚಿಕ್ಕಂದಿನಲ್ಲೇ ಕಲಿತಿದ್ದಳು. ಸುಳ್ಳು ದೇವರು ಯಾರು ಅಂತ ಸ್ವಾಮಿಗಳು ಕೇಳಿದಾಗಲೆಲ್ಲ ನಮ್ಮವರು ಹೊಲದಾಚೆಯ ಬೇರೆಯವರ ಗುಡಿಯ ಕಡೆ ಬೆರಳು ತೋರಿಸುತ್ತಿದ್ದರಂತೆ. ಆ ಗುಡಿಯವರು ಪಾಪ ತಮ್ಮ ಪಾಡಿಗೆ ತಾವಿದ್ದರು. ಸುಳ್ಳು ದೇವರು ನಮ್ಮ ಮನೆಯೊಳಗೇ, ನಮ್ಮವಳ ಸೀರೆ ಉಟ್ಟು ಕೂತಿತ್ತು. ಅದಕ್ಕೆ ಮಣೆ ಹಾಕಿದ್ದು ತಾನೇ ಅನ್ನುವುದೂ ಅವಳಿಗೆ ಆಗಲೇ ಹೊಳೆಯಿತು.

ತಳ್ಳಿ ನೋಡಿದಳು. ಅಗ್ನೇಸಮ್ಮ ಗಟ್ಟಿ ಹೆಂಗಸು, ಅಲುಗಲಿಲ್ಲ. ಬೇಡಿಕೊಂಡಳು, ಅವಳಿಗೆ ಕೇಳಿಸಲೇ ಇಲ್ಲ. ಆಗ ಒಳಗಿಂದ ಮಗು ನರಳಿತು. ಆ ದನಿಗೆ ತಾಯಿ ಎದ್ದು ಒಳಗೆ ಹೋಗಿದ್ದೇ ತಡ, ಮದಲೇನಮ್ಮ, ನುಗ್ಗಿದರೂ ಇವಳು ಮಗುವನ್ನು ಮುಟ್ಟಗೊಡುವುದಿಲ್ಲ ಅಂತ, ಹೊಸಿಲಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳಂತೆ.

"ಮಗೀನ ಎತ್ಕೊಂಡು ನನ್ನ ತುಳ್ಕೊಂಡು ಬಾ! ನಾನು ದೇವರಾದ್ರೆ ನಿನ್ನ ಕಾಲು ಬಿದ್ದೋಗ್ಲಿ!"

ಹಿರಿಯರ ಸೆರಗಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಅಗ್ನೇಸಮ್ಮ ಮಗುವನ್ನು ಎತ್ತಿಕೊಂಡು ನಿಂತಳು, ನಿಂತೇ ಇದ್ದಳು. ಹಿಂದೆ ಕೂತದ್ದು ಬೇಡ ಅಂದಿತು, ಮೆತ್ತಗೆ, ಬಹಳ ಪ್ರೀತಿಯಿಂದ. ಮಗು ಇನ್ನೊಮ್ಮೆ ನರಳಿತು. ತಾಯಿ ಕಣ್ಣು ಮುಚ್ಚಿ ಕಾಲಿಟ್ಟಳು. ಪಕ್ಕೆಲುಬು ಮುರಿದ ಸದ್ದು ಬೀದಿಗೆಲ್ಲ ಕೇಳಿಸಿತಂತೆ. ಅಯ್ಯೋ ಸತ್ತೆ ಅಂತ ಮದಲೇನಮ್ಮ ಕೂಗಿಕೊಂಡಳು. ಆ ಕೂಗಿಗೆ ಅಗ್ನೇಸಮ್ಮನಿಗೆ ಎಚ್ಚರವಾದಂತಾಗಿ ತಿರುಗಿ ನೋಡಿದಳು. ಒಳಗೆ ಯಾರೂ ಇರಲಿಲ್ಲ. ಎಣ್ಣೆ ಜಿಡ್ಡಿನ ಮಣೆ, ನಾಲ್ಕು ಕೋಳಿಪುಕ್ಕ, ಅಷ್ಟೇ.

ಮುರಿದ ಪಕ್ಕೆ ಹಿಡಿದುಕೊಂಡೇ ಮದಲೇನಮ್ಮ ಬೀದಿಯಲ್ಲಿ ಮಗುವಿನ ತೊಡೆ ಕೂರಿಸಿದಳು. ಮಣೆಯನ್ನು ಅಲ್ಲೇ ಸುಡಿಸಿದಳು. ಮರ ಸುಟ್ಟ ವಾಸನೆ ಬರಲಿಲ್ಲ, ಮಾಂಸ ಸುಟ್ಟ ವಾಸನೆ ಬಂತು ಅನ್ನುತ್ತಾರೆ. ನಾನು ಕಂಡಿಲ್ಲ, ಕೇಳಿದ್ದು. ಮಾರ್ತಿ ಬದುಕಿದಳು, ಕುಂಟುತ್ತಾ ಬದುಕಿದಳು, ಎಂಟು ಮಕ್ಕಳನ್ನು ಹೆತ್ತಳು. ಮದಲೇನಮ್ಮನ ಪಕ್ಕೆ ಮಾತ್ರ ಕೂಡಲಿಲ್ಲ. ಊರವರ ಮೂಳೆ ಕಟ್ಟಿದವಳಿಗೆ ತನ್ನದನ್ನು ಕಟ್ಟಿಕೊಳ್ಳಲು ಆಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಮುಂದಿನ ಮಳೆಗಾಲಕ್ಕೆ ಹೋಗಿಬಿಟ್ಟಳು.

ಹೋಗುವ ಮುಂಚೆಯೇ ಊರವರು ಅವಳಿಗೊಂದು ಮಂಟಪ ಕಟ್ಟಬೇಕು, ದೀಪ ಇಡಬೇಕು ಅಂತ ಗುಸುಗುಸು ಶುರು ಮಾಡಿದ್ದರಂತೆ. ಬುದ್ಧಿ ಬರುವುದುಂಟೇ! ಅವಳು ಎಲ್ಲರನ್ನೂ ಕರೆಸಿ, ಶಿಲುಬೆ ಮುಟ್ಟಿಸಿ ಮಾತು ತೆಗೆದುಕೊಂಡಳು. ಚರ್ಚಿನ ಬಾಗಿಲಲ್ಲಿ ಹೂಳಿ, ಒಳಗೆ ಹೋಗುವವರೆಲ್ಲ ತುಳಿದೇ ಹೋಗಲಿ ಅಂದಳು.

ಬಾಗಿಲಲ್ಲಿ ಹೆಸರಿಲ್ಲದ ಒಂದು ಕಲ್ಲಿದೆಯಲ್ಲ, ನಡುವೆ ಸವೆದು ತಗ್ಗಾಗಿರುವುದು, ಅದೇ. ಸತ್ತವರ ಹಬ್ಬದಲ್ಲಿ ಎಲ್ಲ ಗೋರಿಗೂ ಮೇಣದಬತ್ತಿ ಹಚ್ಚುತ್ತೇವೆ, ಅದಕ್ಕೆ ಇಲ್ಲ. ದೀಕ್ಷಾಸ್ನಾನಕ್ಕೆ ತಂದ ಹಸುಗೂಸಿನ ಅಂಗಾಲನ್ನೂ ಅದಕ್ಕೆ ಮುಟ್ಟಿಸಿಯೇ ಒಳಗೆ ಒಯ್ಯುತ್ತೇವೆ. ಬೇರೆ ಊರಿನಿಂದ ಬಂದ ಸೊಸೆಯಂದಿರು ಕಥೆ ಕೇಳಿ ಹೆದರುತ್ತಾರೆ, ಬಗ್ಗಿ ಮುಟ್ಟಿ ನಮಸ್ಕಾರ ಮಾಡಲು ಹೋಗುತ್ತಾರೆ. ಆಗ ನಮ್ಮ ಮುದುಕಿಯರು ಅವರ ಕೈಗೊಂದು ಏಟು ಹಾಕಿ ಹೇಳುತ್ತಾರೆ:

"ತುಳಿಯವ್ವ, ಗಟ್ಟಿಯಾಗಿ ತುಳಿ. ನಾವು ತುಳಿಯೋದು ಬುಟ್ಟ ದಿನ ಅವಳು ಎದ್ದು ಕುಂತ್ಕೋತಾಳೆ."