ದೊರೆಯ ಊಟದ ಎಲೆ ಮತ್ತು ದ್ವೀಪದ ಹಣ್ಣುಗಳು

ಹೊನ್ನೆಕೋಟೆಯ ದೊರೆ ಮಲ್ಲರಸನಿಗೆ ಕಾಯಿಲೆ ಅಂತ ಒಂದೂ ಇರಲಿಲ್ಲ. ಆದರೆ ಅರಮನೆಯಲ್ಲಿ ಇಬ್ಬರು ವೈದ್ಯರಿದ್ದರು. ಹಾಗಾಗಿ ಯಾವುದಾದರೊಂದು ಕಾಯಿಲೆಯ ಅನುಮಾನ ಅವನಿಗೆ ದಿನವೂ ಬರುತ್ತಿತ್ತು.

ಒಮ್ಮೆ ಹಡಗಿನ ವ್ಯಾಪಾರಿಯೊಬ್ಬ ಮೂಡಣ ದ್ವೀಪಗಳಿಂದ ಎರಡು ಬಗೆಯ ಹಣ್ಣು ತಂದು ಆಸ್ಥಾನದಲ್ಲಿಟ್ಟ. ಒಂದು ದುರಿಯಾನ್. ಮೈತುಂಬ ಮುಳ್ಳು, ಹೋಳು ಮಾಡಿದರೆ ಅಂಗಳದ ನಾಯಿಯೂ ಎದ್ದು ದೂರ ಹೋಗುವಂಥ ವಾಸನೆ. ಇನ್ನೊಂದು ರಂಬುಟಾನ್. ಕೆಂಪಗೆ, ಗಡ್ಡ ಬಿಟ್ಟ ನಿಂಬೆಹಣ್ಣಿನ ಹಾಗಿತ್ತು.

"ದುರಿಯಾನ್ ತಿಂದವನ ಮೂಳೆ ಕಬ್ಬಿಣವಾಗುತ್ತದೆ," ಎಂದರು ಹಿರಿಯ ವೈದ್ಯ ಅಹೋಬಲ ಪಂಡಿತರು.

"ರಕ್ತವೇ ಕೆಟ್ಟಿದ್ದರೆ ಮೂಳೆ ಕಟ್ಟಿಕೊಂಡು ಏನು ಮಾಡುವುದು?" ಎಂದರು ಕಿರಿಯ ವೈದ್ಯ ಸದಾಶಿವ ಪಂಡಿತರು. "ರಂಬುಟಾನ್ ತಂಪು. ರಕ್ತ ಶುದ್ಧಿಯಾಗುತ್ತದೆ, ಕಣ್ಣಿಗೆ ಕಾಂತಿ ಬರುತ್ತದೆ, ತಲೆಗೂದಲು ಸೊಂಪಾಗಿ ಬೆಳೆಯುತ್ತದೆ."

ಸದಾಶಿವ ಪಂಡಿತರ ತಲೆ ನುಣ್ಣಗಿತ್ತು. ಇಬ್ಬರೂ ಆ ಹಣ್ಣುಗಳನ್ನು ಕಂಡದ್ದು ಅದೇ ಬೆಳಿಗ್ಗೆ. ಆದರೂ ಸಭೆ ತಲೆದೂಗಿತು.

ದೊರೆ ಎದ್ದು ನಿಂತ. "ಊರ ಮುಂದಿನ ಮಾವಿನ ತೋಪು ಕಡಿಸುತ್ತೇನೆ. ಎರಡರಲ್ಲಿ ಯಾವುದು ಮೇಲೋ ಆ ಗಿಡವನ್ನೇ ಅಲ್ಲಿ ಹಾಕಿಸುತ್ತೇನೆ. ಮಾವು ಯಾವ ರೋಗಕ್ಕೆ ಮದ್ದು? ಜನ ತಿನ್ನುತ್ತಾರೆ, ಅಷ್ಟೇ."

ಆಮೇಲೆ ಆಸ್ಥಾನದ ವಿದೂಷಕ ಬಾಚಣ್ಣನ ಕಡೆ ತಿರುಗಿದ. "ನಾಳೆ ನಾನು ಊಟಕ್ಕೆ ಕೂರುವ ಹೊತ್ತಿಗೆ ನೀನು ತೀರ್ಮಾನ ಹೇಳಬೇಕು. ಎರಡೂ ಬೇಡ ಅಂದೆಯೋ, ತೋಪಿನ ಜೊತೆ ನಿನ್ನ ಕೆಲಸವೂ ಹೋಯಿತು ಅಂದುಕೋ."

ಬಾಚಣ್ಣ ಮನೆಗೆ ಬಂದರೆ ಜಗಲಿಯ ಮೇಲೆ ತೋಪು ಕಾಯುವ ದ್ಯಾವಮ್ಮ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಅಯ್ಯಾ, ನಮ್ಮತ್ತೆ ಕೊಡ ಹೊತ್ತು ನೀರು ಹೊಯ್ದು ಬೆಳೆಸಿದ ಮರ ಅವು. ನಮ್ಮ ಕೇರಿಯ ಒಲೆ ಉರಿಯೋದೇ ಅದರಿಂದ. ಕಡಿದುಬಿಟ್ರೆ ನಾವು ಎತ್ತ ಹೋಗೋಣ?"

"ನಾಳೆ ಬೆಳಿಗ್ಗೆ ಒಂದು ಬುಟ್ಟಿ ಒಳ್ಳೇ ಹಣ್ಣು ಅರಮನೆ ಅಡುಗೆಮನೆಗೆ ಕಳಿಸವ್ವ," ಎಂದ ಬಾಚಣ್ಣ.

"ಮರ ಕಡಿಸೋರಿಗೆ ಹಣ್ಣು ಬೇರೆ ಕೊಡ್ಬೇಕಾ?"

"ಸಿಹಿಯಾಗಿರೋದನ್ನೇ ನೋಡಿ ಕಳಿಸು."

ದ್ಯಾವಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಕಳಿಸಿದಳು.

ಮರುದಿನ ಮಧ್ಯಾಹ್ನ ದೊರೆ ಎಲೆಯ ಮುಂದೆ ಕೂತ. ಬಾಚಣ್ಣ ಅಡುಗೆಯವರಿಗೆ ಮೊದಲೇ ಹೇಳಿದ್ದರಿಂದ ಅಂದು ಬೇಳೆ ಹೋಳಿಗೆ. ಪಕ್ಕದಲ್ಲಿ ತುಪ್ಪ, ಕೋಸಂಬರಿ, ಅನ್ನ, ಸಾರು, ಗಟ್ಟಿ ಮೊಸರು, ಜೊತೆಗೆ ಬಟ್ಟಲು ತುಂಬ ಮಾವಿನ ಸೀಕರಣೆ. ಎದುರಿಗೆ ಇಬ್ಬರು ಪಂಡಿತರೂ ಬಾಚಣ್ಣನೂ ನಿಂತಿದ್ದರು.

"ತೀರ್ಮಾನ ಏನಾಯಿತು?" ಎಂದ ದೊರೆ, ಹೋಳಿಗೆ ಮುರಿಯುತ್ತ.

"ಒಂದು ಮಾತು ಬಾಕಿ ಇದೆ ಬುದ್ಧಿ. ಗುಣ ಎಲ್ಲ ಕೇಳಿದೆವು, ಪಥ್ಯ ಏನು ಅಂತ ಕೇಳಲಿಲ್ಲ."

ಹೊನ್ನೆಕೋಟೆಯಲ್ಲಿ ಪಥ್ಯವಿಲ್ಲದ ಮದ್ದನ್ನು ಯಾರೂ ಮದ್ದು ಅನ್ನುತ್ತಿರಲಿಲ್ಲ. ಎಷ್ಟು ಪದಾರ್ಥ ಬಿಡಿಸುತ್ತಾನೋ ಅಷ್ಟು ದೊಡ್ಡ ವೈದ್ಯ ಎಂದು ಲೆಕ್ಕ.

"ದುರಿಯಾನ್ ಉಷ್ಣ. ತುಪ್ಪ ಬಿಡಬೇಕು," ಎಂದರು ಅಹೋಬಲ ಪಂಡಿತರು. ಅಡುಗೆಯವನು ತುಪ್ಪದ ಗಿಂಡಿ ಎತ್ತಿಕೊಂಡ.

"ಅಷ್ಟೇನಾ?" ಎಂದ ಬಾಚಣ್ಣ. "ಬಾಣಂತಿಗೇ ಇದಕ್ಕಿಂತ ಹೆಚ್ಚು ಪಥ್ಯ ಇರುತ್ತದಲ್ಲ."

ಸದಾಶಿವ ಪಂಡಿತರು ನಕ್ಕರು. "ನಮ್ಮ ರಂಬುಟಾನ್ ಅಷ್ಟು ಹಗುರದ್ದಲ್ಲ. ತುಪ್ಪ, ಮೊಸರು ಎರಡೂ ಕೂಡದು."

ಮೊಸರು ಹೋಯಿತು.

"ನಾನಿನ್ನೂ ಮುಗಿಸಿರಲಿಲ್ಲ," ಎಂದರು ಅಹೋಬಲ ಪಂಡಿತರು. "ದುರಿಯಾನ್ ತಿನ್ನುವವರು ಬೇಳೆ ಮುಟ್ಟುವ ಹಾಗಿಲ್ಲ."

ದೊರೆಯ ಕೈ ಬಾಯಿಯ ಹತ್ತಿರ ನಿಂತಿತು. "ಹೂರಣದಲ್ಲಿರುವ ಬೇಳೆಯೂ?"

"ಹೂರಣದ್ದೇ ಹೆಚ್ಚು ಕೆಟ್ಟದ್ದು."

ಅವನ ಕೈಯಲ್ಲಿದ್ದ ತುಂಡೂ ಸೇರಿ ಹೋಳಿಗೆ ಹೋಯಿತು, ಹಿಂದೆಯೇ ಕೋಸಂಬರಿ.

"ರಂಬುಟಾನಿಗೆ ಹುಳಿ, ಖಾರ ಎರಡೂ ಆಗದು," ಎಂದರು ಸದಾಶಿವ ಪಂಡಿತರು. ಸಾರು ಹೋಯಿತು.

"ದುರಿಯಾನಿಗೆ ಉಪ್ಪೇ ಆಗದು."

"ರಂಬುಟಾನಿಗೆ ಅನ್ನವೇ ಆಗದು."

ದೊರೆ ಬಗ್ಗಿ ಎಲೆ ನೋಡಿದ. ಈಗ ಎಲೆಯ ನರಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು. "ಪಂಡಿತರೇ, ಈ ಪಥ್ಯ ಎಷ್ಟು ದಿನ?"

"ಹಣ್ಣು ತಿನ್ನುವಷ್ಟು ಕಾಲವೂ," ಎಂದರು ಒಬ್ಬರು.

"ಗಿಡ ನೆಟ್ಟ ದಿನದಿಂದಲೇ," ಎಂದರು ಇನ್ನೊಬ್ಬರು, ಒಂದು ಕೈ ಮೇಲಾಗಲೆಂದು.

ದೊರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಬಾಚಣ್ಣ, ಯಾವುದು ಮೇಲು, ಬೇಗ ಹೇಳಿ ಮುಗಿಸು."

"ಎರಡೂ ಮೇಲೇ ಬುದ್ಧಿ. ಒಂದರಲ್ಲಿ ಹೋಳಿಗೆ ಹೋಗುತ್ತದೆ, ಇನ್ನೊಂದರಲ್ಲಿ ಅನ್ನ ಹೋಗುತ್ತದೆ. ತಮಗೆ ಯಾವ ಆರೋಗ್ಯ ಬೇಕೋ ಅದನ್ನು ಅಪ್ಪಣೆ ಮಾಡಿ. ಕೊಡಲಿಯವರು ತೋಪಿನ ಹತ್ತಿರ ಕಾಯುತ್ತಿದ್ದಾರೆ."

"ಪಥ್ಯವೇ ಇಲ್ಲದ ಹಣ್ಣು ಈ ಭೂಮಿಯ ಮೇಲೆ ಒಂದೂ ಇಲ್ಲವೇನಯ್ಯ?"

ಎಲೆಯ ಪಕ್ಕದಲ್ಲಿ ಸೀಕರಣೆಯ ಬಟ್ಟಲೊಂದು ಹಾಗೇ ಉಳಿದಿತ್ತು. ಬಾಚಣ್ಣ ಅದನ್ನು ದೊರೆಯ ಮುಂದೆ ಸರಿಸಿದ. "ಇದೊಂದಿದೆ. ಹೋಳಿಗೆ ಜೊತೆಗೂ ತಿನ್ನಬಹುದು, ತುಪ್ಪ ಹಾಕಿಕೊಂಡೂ ತಿನ್ನಬಹುದು."

"ಇದಕ್ಕೊಂದಕ್ಕೆ ಯಾಕೆ ಪಥ್ಯವಿಲ್ಲ?"

"ಇದರ ಗುಣವನ್ನು ಇವತ್ತಿನವರೆಗೆ ಯಾವ ಪಂಡಿತರೂ ಹೊಗಳಿಲ್ಲವಲ್ಲ, ಬುದ್ಧಿ."

ದೊರೆ ಬಟ್ಟಲು ನೋಡಿದ, ಪಂಡಿತರ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಹೋಳಿಗೆ, ತುಪ್ಪ ಎಲ್ಲ ಎಲೆಗೆ ವಾಪಸು ಬಂದವು. ಕೊಡಲಿಯವರನ್ನು ಮನೆಗೆ ಕಳಿಸಿ, ತೋಪನ್ನು ದ್ಯಾವಮ್ಮನ ಕೇರಿಗೇ ಶಾಶ್ವತವಾಗಿ ಬಿಟ್ಟುಕೊಡುವಂತೆ ಅಪ್ಪಣೆಯಾಯಿತು. ಬಾಚಣ್ಣನಿಗೆ ದೊರೆಯ ಪಕ್ಕದಲ್ಲೇ ಎಲೆ ಹಾಕಿದರು.

ಗಾಳಿ ಎತ್ತ ತಿರುಗಿತೆಂದು ಕಂಡ ಅಹೋಬಲ ಪಂಡಿತರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ಹಾಗೆ ನೋಡಿದರೆ ಮಹಾಪ್ರಭು, ಈ ಮಾವಿನಹಣ್ಣಿನ ಗುಣ ಏನೆಂದರೆ..."

ದೊರೆ ಎರಡೂ ಕೈಯಿಂದ ಬಟ್ಟಲು ಮುಚ್ಚಿಕೊಂಡ.

"ಪಂಡಿತರೇ, ನಿಮಗೆ ಕೈ ಮುಗಿಯುತ್ತೇನೆ. ಇದನ್ನಾದರೂ ಹೊಗಳಬೇಡಿ."